ರೆಕ್ಕೆಗೆ ಅಂಟಿಸಿದ ಕೆಂಪು ಉಣ್ಣೆ

ಚಳಿಗಾಲ ಮುಗಿಯುತ್ತ ಬಂದಿತ್ತು, ಬೆಳಗಿನ ಆರು ಗಂಟೆ. ಹ್ಯಾಂಗರಿನ ತಗಡಿನ ಬಾಗಿಲು ಮುಟ್ಟಿದರೆ ಇನ್ನೂ ಕೈ ಕೊರೆಯುತ್ತಿತ್ತು. ಶುರುವಾದದ್ದು ಆಗ. ದಾರದ ಮೇಸ್ತ್ರಿ ಏಣಿಯ ಮೇಲೆ ಕೂತು ಹೊಸ ವಿಮಾನದ ಎಡ ರೆಕ್ಕೆಯನ್ನು ಒರೆಸುತ್ತಿದ್ದ.

ಅದು ವಾಯುಪಡೆಯ ಪರೀಕ್ಷಾ ಸ್ಕ್ವಾಡ್ರನ್. ಕಾರ್ಖಾನೆಯಿಂದ ಯಾವ ವಿಮಾನ ಬಂದರೂ ಬೇರೆ ಪೈಲಟ್‌ಗಳ ಕೈಗೆ ಹೋಗುವ ಮೊದಲು ಇಲ್ಲಿಯವರು ಅದನ್ನು ಹಾರಿಸಿ, ಕುಲುಕಿ, ಬೇಕೆಂದೇ ಬೀಳಿಸಿ, ಮತ್ತೆ ಎತ್ತಿ ನೋಡಬೇಕು. "ಹೊಸ ಸೊಸೆ ಮಾಡಿದ ಅಡುಗೇಲಿ ಅತ್ತೆ ಕೂಡ ಇಷ್ಟು ಹುಳುಕು ಹುಡುಕಲ್ಲ ಬಿಡಿ" ಎಂದು ಮೇಸ್ತ್ರಿಯ ಹೆಂಡತಿ ನಗುತ್ತಿದ್ದಳು.

ಮೇಸ್ತ್ರಿಯ ಕೆಲಸ ದಾರ ಅಂಟಿಸುವುದು. ರೆಕ್ಕೆಯ ಮೇಲೆ ಹರಿಯುವ ಗಾಳಿ ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ಬೆರಳುದ್ದದ ಉಣ್ಣೆಯ ಎಳೆಗಳನ್ನು ಒಂದು ತುದಿ ಮಾತ್ರ ಅಂಟಿಸಿ ಸಾಲಾಗಿ ಬಿಡಬೇಕು. ಗಾಳಿ ಸರಿಯಾಗಿ ಹರಿದರೆ ಎಳೆ ನೆಟ್ಟಗೆ ಮಲಗುತ್ತದೆ. ಗಾಳಿ ರೆಕ್ಕೆಯನ್ನು ಬಿಟ್ಟು ಎದ್ದಿತೋ, ಎಳೆ ಒದ್ದಾಡಿ ಹಿಂದುಮುಂದಾಗುತ್ತದೆ. ಪಕ್ಕದಲ್ಲೇ ಹಾರುವ ಇನ್ನೊಂದು ವಿಮಾನದಿಂದ ಅದರ ಫಿಲ್ಮ್ ತೆಗೆಯುತ್ತಾರೆ. ಒಂದು ರೆಕ್ಕೆಗೆ ಮುನ್ನೂರ ಹನ್ನೆರಡು ಎಳೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ ಮೇಸ್ತ್ರಿಗೆ ಎಣಿಕೆ ತಪ್ಪಿದ್ದಿಲ್ಲ.

ಆ ದಿನ ಸ್ಟೋರಿನಲ್ಲಿ ಉಣ್ಣೆ ಇರಲಿಲ್ಲ.

"ಖಾಲಿ ಕಣಯ್ಯ. ಪ್ಯಾರಾಚೂಟ್ ಹೊಲಿಯೋ ನೈಲಾನ್ ಇದೆ, ತಗೊಂಡ್ಹೋಗು" ಎಂದ ಸ್ಟೋರ್‌ಕೀಪರ್.

"ಅದು ಬಿರುಸು ಅಣ್ಣ, ಬಗ್ಗಲ್ಲ."

"ದಾರ ಅಂದ್ರೆ ದಾರ. ನೀನೇನು ರೆಕ್ಕೆಗೆ ಸ್ವೆಟರ್ ಹೆಣೀತೀಯಾ?"

ಒಂಬತ್ತಕ್ಕೆ ವಿಮಾನ ಏಳಬೇಕಿತ್ತು. ಮೇಸ್ತ್ರಿ ನೈಲಾನನ್ನೇ ಅಂಟಿಸಿದ. ಬೆರಳುಗಳು ಬೇಡ ಬೇಡ ಎನ್ನುತ್ತಲೇ ಇದ್ದವು. ಕೆಲಸದ ಚೀಟಿಯಲ್ಲಿ 'ಉಣ್ಣೆಯ ಎಳೆ' ಎಂದು ಮೊದಲೇ ಅಚ್ಚಾಗಿತ್ತು. ಅದನ್ನು ಓದುವ ಗೋಜಿಗೆ ಹೋಗದೆ ಕೆಳಗೆ ತನ್ನ ಸೊಟ್ಟ ಸಹಿ ಹಾಕಿದ.

ವಿಮಾನದಲ್ಲಿ ಹಾರಿದವನು ಸಣ್ಣಗಿನ ಪೈಲಟ್. ಇಡೀ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ವೇಗ ತಗ್ಗಿಸಿ ಮೂಗು ಎತ್ತಿದರೆ ಎಡ ರೆಕ್ಕೆ ದಡಕ್ಕನೆ ಬೀಳುತ್ತದೆ ಎಂದು ಅವನು ಎರಡು ಸಲ ಬರೆದುಕೊಟ್ಟಿದ್ದ. ಕಾರ್ಖಾನೆಯ ಇಂಜಿನಿಯರ್ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. "ರೆಕ್ಕೆ ಸರಿ ಇದೆ, ಇವರ ಕೈ ಸರಿ ಇಲ್ಲ" ಎನ್ನುವುದೇ ಆತನ ವಾದ. ಈ ಫಿಲ್ಮಿನಲ್ಲೂ ಏನೂ ಕಾಣದಿದ್ದರೆ ಪೈಲಟ್ ಸೋಮವಾರಕ್ಕೆ ಸ್ಕ್ವಾಡ್ರನ್ ಬಿಡಬೇಕು, ವಿಮಾನ ಹೊಸ ಹುಡುಗರ ಕೈಗೆ ಹೋಗಬೇಕು ಎಂದು ಕಮಾಂಡರ್ ತೀರ್ಮಾನಿಸಿದ್ದರು.

ಮರುದಿನ ಮಧ್ಯಾಹ್ನ ಫಿಲ್ಮ್ ಹಾಕಿದರು. ಆ ಕೋಣೆಯಲ್ಲಿ ಮೇಸ್ತ್ರಿಗೆ ಕುರ್ಚಿ ಇರಲಿಲ್ಲ. ಕಿಟಕಿಯ ಕಪ್ಪು ಪರದೆ ಎಳೆದು, ಅದರ ಹಗ್ಗ ಹಿಡಿದು ಮೂಲೆಯಲ್ಲಿ ನಿಲ್ಲುವುದು ಅವನ ಪಾಲಿಗೆ ಬಂದ ಕೆಲಸ. ಎದುರಿನ ಬಿಳಿ ತೆರೆಯ ಮೇಲೆ ರೆಕ್ಕೆ ದಡಕ್ಕನೆ ಬಿತ್ತು. ಎಳೆಗಳು ಮಾತ್ರ ಬಾಚಿದ ಕೂದಲಿನ ಹಾಗೆ ನೆಟ್ಟಗೆ ಮಲಗಿಯೇ ಇದ್ದವು.

"ನೋಡಿದ್ರಾ? ಗಾಳಿ ಎಲ್ಲೂ ಎದ್ದಿಲ್ಲ. ರೆಕ್ಕೆ ತಾನಾಗಿ ಬಿದ್ದಿಲ್ಲ, ಇವರೇ ಬೀಳಿಸಿದ್ದು" ಎಂದ ಇಂಜಿನಿಯರ್.

ಪೈಲಟ್ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ, ಯಾರದೋ ಕೈ ಎನ್ನುವಂತೆ ನೋಡಿಕೊಂಡ. ಮೇಸ್ತ್ರಿ ಅದನ್ನು ನೋಡಿದ.

"ಸಾಹೇಬ್ರೇ," ಎಂದ ಮೂಲೆಯಿಂದ, "ಅದು ಉಣ್ಣೆ ಅಲ್ಲ. ನೈಲಾನು. ಅದು ಗಾಳಿ ಮಾತು ಕೇಳಲ್ಲ."

ಎಲ್ಲರೂ ತಿರುಗಿದರು. ಕಮಾಂಡರ್ ಚೀಟಿ ತರಿಸಿದರು.

"ಇಲ್ಲಿ ಉಣ್ಣೆ ಅಂತಿದೆ. ಸಹಿ ನಿಂದೇನಾ?"

"ನಂದೇ."

"ಸುಳ್ಳಿಗೆ ಸಹಿ ಹಾಕಿದ್ದೀಯಾ ಹಾಗಾದ್ರೆ?"

"ಓದ್ಲಿಲ್ಲ ಸಾಹೇಬ್ರೇ. ಆದ್ರೆ ಕೈಗೆ ಗೊತ್ತಿತ್ತು. ನಾನೇ ಬಾಯಿ ಬಿಡ್ಲಿಲ್ಲ."

ಕಮಾಂಡರ್ ಚೀಟಿ ಮಡಚಿ, "ನಾಳೆ ಶುಕ್ರವಾರ. ಉಣ್ಣೆ ಹಾಕಿ ಇನ್ನೊಂದ್ಸಲ ಹಾರಲಿ. ಆಗಲೂ ಹೀಗೇ ಕಂಡ್ರೆ ಪೈಲಟ್ ಜೊತೆ ನೀನೂ ಗಂಟುಮೂಟೆ ಕಟ್ಟು" ಎಂದರು. ಸ್ಟೋರಿಗೆ ಉಣ್ಣೆ ಬರಲು ಇನ್ನೂ ಹತ್ತು ದಿನ ಬೇಕಿತ್ತು.

ಮನೆಗೆ ಬಂದವನೇ ಮೇಸ್ತ್ರಿ ಪೆಟ್ಟಿಗೆಯಿಂದ ಕೆಂಪು ಸ್ವೆಟರ್ ತೆಗೆದು ಮಂಚದ ಮೇಲಿಟ್ಟು ಕೂತ. ಹೆಂಡತಿ ಎರಡು ಚಳಿಗಾಲ ಕೂತು ಹೆಣೆದದ್ದು. ತೋಳು ಮೊಣಕಾಲು ಮುಟ್ಟುವಷ್ಟು ಉದ್ದ. ಮಡಚಿ ಮಡಚಿ ತೊಡುತ್ತಿದ್ದ.

"ಏನ್ರೀ, ಇಲ್ಲದ ಪ್ರೀತಿ ಇವತ್ತು ಇದರ ಮೇಲೆ?"

ಅವನು ನಡೆದದ್ದು ಹೇಳಿದ, ತನ್ನ ಕೆಲಸದ ಮಾತೊಂದನ್ನು ಬಿಟ್ಟು. "ಪಾಪ, ಆ ಪೈಲಟ್ ಹೆಸರು ಕೆಡುತ್ತೆ ಕಣೇ."

"ನಿಮ್ಮ ಕೆಲಸ? ಅದು ಉಳಿಯುತ್ತಾ?"

ಅವನು ಸ್ವೆಟರಿನ ತೋಳು ಮಡಚತೊಡಗಿದ.

"ಅದನ್ನೂ ಹೇಳ್ಬೇಕು ತಾನೇ? ನಿಮ್ಮ ಬಾಯಿಗೆ ಹಾಕಿರೋ ಬೀಗದ ಕೈ ಎಲ್ಲಿ ಬಿಸಾಕಿದ್ದೀರೋ" ಎಂದು ಗೊಣಗುತ್ತ ಅವಳು ಕತ್ತರಿ ತಂದಳು. "ಕತ್ತಿನ ಕಡೆಯಿಂದ ಬಿಚ್ಬೇಕು. ಸರೀರಿ, ನಿಮಗೆ ಬರಲ್ಲ."

ಬಿಚ್ಚಿದ ಉಣ್ಣೆ ಸುರುಳಿ ಸುರುಳಿಯಾಗಿ ಬಂತು. "ಹೀಗೇ ಅಂಟಿಸಿದ್ರೆ ನಿಮ್ಮ ಗಾಳಿ ಏನು ಹೇಳೀತು?" ಎಂದು ಅವಳೇ ಕೇಳಿ, ನೀರು ಕುದಿಸಿ ಹಬೆ ತೋರಿಸಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ನೇತುಹಾಕಿ, ತುದಿಗೆ ಚಮಚ ಕಟ್ಟಿ ನೆಟ್ಟಗೆ ಮಾಡಿದಳು. ಕತ್ತಲಾಗುವ ಮೊದಲೇ ಮುನ್ನೂರ ಹನ್ನೆರಡು ಎಳೆ ಸಿದ್ಧವಾದವು. ಮಿಕ್ಕ ಉಣ್ಣೆಯನ್ನು ಮುಂದಿನ ಹಾರಾಟಗಳಿಗೆಂದು ಸುತ್ತಿಟ್ಟಳು, ಒಂದು ತೋಳು ಹಾಗೇ ಉಳಿಯಿತು.

ಶನಿವಾರ ಮತ್ತೆ ಕಪ್ಪು ಪರದೆ ಎಳೆದರು. ಬಿಳಿ ರೆಕ್ಕೆಯ ಮೇಲೆ ಕೆಂಪು ಎಳೆಗಳು ಮೊದಮೊದಲು ಸಾಧುಗಳಂತೆ ಮಲಗಿದ್ದವು. ಮೂಗು ಮೇಲೆದ್ದಿತು. ರೆಕ್ಕೆಯ ತುದಿಯಲ್ಲಿ ಒಂದು ಎಳೆ ನಡುಗಿತು, ಅದರ ಪಕ್ಕದ್ದು, ಅದರಾಚೆಯದು. ನೋಡನೋಡುತ್ತ ಒಂದು ಹಿಡಿ ಎಳೆಗಳು ಗಾಬರಿಬಿದ್ದ ಕೋಳಿಮರಿಗಳಂತೆ ತಿರುಗಿ ಮುಂದಕ್ಕೆ ಮುಖ ಮಾಡಿದವು. ರೆಕ್ಕೆ ಬಿದ್ದದ್ದು ಆಮೇಲೆ.

"ಇನ್ನೊಂದ್ಸಲ ಹಾಕಿ" ಎಂದ ಇಂಜಿನಿಯರ್. ಮೂರು ಸಲ ನೋಡಿದ. ಆಮೇಲೆ ಕನ್ನಡಕ ತೆಗೆದು, "ಕೈ ಅಲ್ಲ. ನಮ್ಮ ರೆಕ್ಕೇನೇ" ಎಂದ. ಎಷ್ಟಾದರೂ ಆತನೂ ಕೆಲಸ ಬಲ್ಲವನು. ಎರಡು ತಿಂಗಳಲ್ಲಿ ರೆಕ್ಕೆಯ ಮುಂದಿನ ಅಂಚಿಗೆ ಸಣ್ಣದೊಂದು ಲೋಹದ ಪಟ್ಟಿ ಬಂತು, ಬೀಳುವುದು ನಿಂತಿತು.

ಸುಳ್ಳು ಸಹಿಗಾಗಿ ಕಮಾಂಡರ್ ಮೇಸ್ತ್ರಿಗೆ ಎಚ್ಚರಿಕೆಯ ಪತ್ರ ಕೊಟ್ಟರು. ಅದನ್ನು ಓದಿ ಹೇಳಿದವನು ಪೈಲಟ್. ಜೊತೆಗೇ ಕಮಾಂಡರ್ ಇನ್ನೊಂದು ಮಾತು ಆಡಿದರು. ಇನ್ನು ಮುಂದೆ ಫಿಲ್ಮ್ ಹಾಕುವಾಗ ಮೇಸ್ತ್ರಿಗೂ ಕುರ್ಚಿ, ಮೊದಲ ಪ್ರಶ್ನೆ ಅವನಿಗೇ. ಪರದೆ ಎಳೆಯುವ ಕೆಲಸ ಸ್ಟೋರ್‌ಕೀಪರನ ತಲೆಗೆ ಬಿತ್ತು. "ದಾರ ಅಂದ್ರೆ ದಾರ, ಎಳಿ ಅಣ್ಣ" ಎಂದು ಎಲ್ಲರೂ ರೇಗಿಸುವರು.

ಈಗ ಗಾಳಿಯನ್ನು ಗಾಜಿನ ಪರದೆಯ ಮೇಲೇ ತೋರಿಸುವ ಯಂತ್ರಗಳು ಬಂದಿವೆಯಂತೆ. ಬರಲಿ, ಒಳ್ಳೆಯದೇ. ಮೇಸ್ತ್ರಿಗೆ ಮಾತ್ರ ಅಂಟಿನ ವಾಸನೆ, ತಣ್ಣನೆಯ ರೆಕ್ಕೆ, ಕತ್ತಲೆ ಕೋಣೆಯಲ್ಲಿ ಟರಟರ ತಿರುಗುತ್ತಿದ್ದ ಫಿಲ್ಮು, ಅದಕ್ಕೂ ಮೊದಲು ಕೇಳಿಬರುತ್ತಿದ್ದ "ಮೇಸ್ತ್ರಿ, ಇದು ಯಾವ ದಾರ?" ಎನ್ನುವ ದನಿ ನೆನಪಾಗುತ್ತವೆ. ಹದಿನಾಲ್ಕು ವರ್ಷ ಆ ಪ್ರಶ್ನೆಗೆ ಉತ್ತರ ಕೊಟ್ಟ.

ಪೈಲಟ್ ಇನ್ನೂ ಎರಡು ವರ್ಷ ಅಲ್ಲೇ ಇದ್ದ. ವರ್ಗವಾದಾಗ ಮೇಸ್ತ್ರಿಯ ಮನೆಗೆ ಬಂದು, ಕೆಂಪು ಉಣ್ಣೆಯ ಆರು ಉಂಡೆ ಕೊಟ್ಟ. ಹೆಂಡತಿ ಅದನ್ನು ಉಳಿದಿದ್ದ ತೋಳಿನ ಪಕ್ಕ ಹಿಡಿದು ನೋಡಿ, "ಬಣ್ಣ ಹೊಂದಲ್ಲಪ್ಪ" ಎಂದಳು. "ಇರಲಿ ಬಿಡು, ಹೆಣೀತೀನಿ. ಈ ಸಲ ತೋಳು ಗಿಡ್ಡ ಮಾಡ್ತೀನಿ."

ಪೈಲಟ್ ನಕ್ಕ. ಬಾಗಿಲಲ್ಲಿ ನಿಂತು ಮೇಸ್ತ್ರಿಯ ಕೈಯನ್ನು ತನ್ನ ಬಲಗೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲೇ ಇಲ್ಲ.  ಮಾರನೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಅವನು ಹೋದ.