ಚೋಂದಮ್ಮನ ಕಣ್ಣು ಮತ್ತು ಪೂಮಲಂಡದವರ ಆಟ

ಮನೆಗೆ ಬಂದ ಸೊಸೆಯ ಕಾಲ್ಗುಣ ನೋಡುವವರು ಎಲ್ಲ ಊರಲ್ಲೂ ಇದ್ದಾರೆ. ಮನೆಯಿಂದ ಹೋದ ಮಗಳ ಕಣ್ಣುಗುಣ ನೋಡಿದವರು ಪೂಮಲಂಡ ಮನೆತನದವರು ಮಾತ್ರ ಇರಬೇಕು. ತಮ್ಮ ಮಗಳು ಚೋಂದಮ್ಮ ಕೂತು ನೋಡಿದರೆ ತಮ್ಮ ಹಾಕಿ ತಂಡ ಸೋಲುತ್ತದೆ ಎಂದು ಆ ಒಕ್ಕದ, ಅಂದರೆ ಕುಟುಂಬದ, ಹಿರಿಯ ಕಿರಿಯರೆಲ್ಲ ಗಟ್ಟಿಯಾಗಿ ನಂಬಿದ್ದರು.

ನಂಬದೆ ಏನು ಮಾಡುತ್ತಾರೆ, ಸಾಕ್ಷಿ ಹಾಗಿತ್ತು. ಕೊಡ್ಲೇಟಿರ ಮಂದಣ್ಣನನ್ನು ಮದುವೆಯಾದ ಮೊದಲ ಬೇಸಿಗೆಯಲ್ಲಿ ಚೋಂದಮ್ಮ ಹೊಸ ಸೀರೆ ಉಟ್ಟು ಆಟಕ್ಕೆ ಬಂದಳು. ಪೂಮಲಂಡದ ಹುಡುಗನೊಬ್ಬ ಚೆಂಡನ್ನು ತನ್ನದೇ ಗೋಲಿಗೆ ತಳ್ಳಿದ. ಮುಂದಿನ ಸಲ ಆಕೆ ಹೆರಿಗೆಗೆ ಮಲಗಿದ್ದಳು, ತಂಡ ಗೆದ್ದಿತು. ಇನ್ನೊಂದು ಸಲ ಮೈಸೂರಿನ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳುತ್ತಿದ್ದಳು, ಆಗಲೂ ಗೆದ್ದಿತು. ವಾಸಿಯಾಗಿ ಓಡೋಡಿ ಬಂದು ಕೂತ ಆಟದಲ್ಲಿ ಸೋತು ಸುಣ್ಣವಾಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಸುಮ್ಮನಿರಬಹುದಿತ್ತು. ಆದರೆ ಸೋತವರಿಗೆ ಒಂದು ಕಾಗೆ ಬೇಕಲ್ಲ!

ಹಾಗೆ ನೋಡಿದರೆ ಆ ತಂಡದ ಮೇಲೆ ಚೋಂದಮ್ಮನಿಗಿದ್ದಷ್ಟು ಪ್ರೀತಿ ಆಡುವವರಿಗೂ ಇರಲಿಲ್ಲ. ಏಪ್ರಿಲ್ ಬಂತೆಂದರೆ ಆಕೆಗೆ ಊಟ ರುಚಿಸುತ್ತಿರಲಿಲ್ಲ. ಕುಟುಂಬಗಳ ಹಾಕಿ ಹಬ್ಬದ ಪಟ್ಟಿ ಪತ್ರಿಕೆಯಲ್ಲಿ ಬಂದ ದಿನ ಒಲೆಯ ಮೇಲಿನ ಹಾಲು ಉಕ್ಕಿಹೋಗುವುದು ಖಂಡಿತ. ಅಣ್ಣ ಪೂವಯ್ಯ ತಂಡದ ಯಜಮಾನ. ಆಟದ ದಿನ ಅವನೇ ಬಂದು ತಂಗಿಗೆ ಜೀಪಿನ ಕೀಲಿ ಕೊಡುತ್ತಿದ್ದ. ಗ್ಯಾಲರಿಯ ಹಿಂದೆ ಸಿಲ್ವರ್ ಮರದ ಕೆಳಗೆ ನಿಲ್ಲಿಸಿದ ಜೀಪಿನಲ್ಲಿ ಮೈದಾನಕ್ಕೆ ಬೆನ್ನು ಹಾಕಿ ಕೂತು, ಧ್ವನಿವರ್ಧಕದಲ್ಲಿ ಬರುವ ವಿವರಣೆ ಕೇಳಿಕೊಂಡು ಚೋಂದಮ್ಮ ತಂಡವನ್ನು ಬೆಂಬಲಿಸುತ್ತಿದ್ದಳು. ಹೀಗೆ ವರ್ಷಗಳೇ ಕಳೆದಿದ್ದವು. ತವರಿನ ತಂಡ ಗೆಲ್ಲುವುದನ್ನು ಆಕೆ ಕಣ್ಣಾರೆ ಒಮ್ಮೆಯೂ ಕಂಡಿರಲಿಲ್ಲ.

ಈ ಸಲ ಪೂಮಲಂಡದವರು ಹೇಗೋ ಏಗಿ ಎಂಟರ ಘಟ್ಟಕ್ಕೆ ಬಂದರು. ಎದುರಾಳಿಗಳು ಯಾರು ಅಂದರೆ ಕೊಡ್ಲೇಟಿರದವರು, ಸಾಕ್ಷಾತ್ ಚೋಂದಮ್ಮನ ಗಂಡನ ಮನೆಯವರು.

ಬೆಳಿಗ್ಗೆ ನೂಪುಟ್ಟು ತಿನ್ನುವಾಗಲೇ ಮೈದುನನ ಮಗ ಬಿದ್ದಪ್ಪ ಶುರು ಮಾಡಿದ. ಕೊಡ್ಲೇಟಿರದ ಗೋಲು ಹೊಡೆಯುವ ಹುಲಿ ಅವನೇ.

“ದೊಡ್ಡಮ್ಮ, ನಿಮಗೆ ಮುಂದಿನ ಸಾಲಲ್ಲೇ ಕುರ್ಚಿ ಹಾಕ್ಸಿದ್ದೀನಿ. ಮೆತ್ತೆ ಬೇರೆ ಇದೆ. ಕಾಫಿ ಬೇಕಾದಷ್ಟು. ನೀವು ಕಣ್ಣು ಮಿಟುಕಿಸದೆ ನೋಡ್ಬೇಕು, ಅಷ್ಟೇ.”

“ಥೂ ನಿನ್ನ! ನಾನೇನು ದೃಷ್ಟಿಬೊಂಬೆಯಾ?”

“ನಮ್ಮ ಪಾಲಿಗೆ ನೀವು ಸೆಂಟರ್ ಫಾರ್ವರ್ಡ್ ದೊಡ್ಡಮ್ಮ!”

ಮಂದಣ್ಣ ತಟ್ಟೆಯೊಳಗೆ ಮುಖ ಹುದುಗಿಸಿ ನಕ್ಕ. ಹೆಂಡತಿ ಕೆಕ್ಕರಿಸಿ ನೋಡಿದ ಮೇಲೆ ಕೆಮ್ಮು ಬಂತೆಂದು ನೀರು ಕುಡಿದ.

ಅಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತಿತು. ಪೂವಯ್ಯ ಒಳಗೆ ಬರದೆ ಟೋಪಿ ಕೈಯಲ್ಲಿ ಹಿಡಿದು ನಿಂತ.

“ಚೋಂದಿ, ಇವತ್ತೊಂದಿನ...”

“ಗೊತ್ತು, ಕೀಲಿ ಕೊಡು.”

“ಬೇಜಾರು ಮಾಡ್ಕೋಬೇಡ. ಹುಡುಗರ ಮನಸ್ಸು, ಏನು ಮಾಡೋದು ಹೇಳು.”

“ಹುಡುಗರದ್ದಾ, ನಿನ್ನದಾ ಅಣ್ಣ?”

ಪೂವಯ್ಯ ಕೀಲಿ ಚಾಚಿದ. ಚೋಂದಮ್ಮ ಕೀಲಿಯನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು. ಅತ್ತ ಗಂಡನ ಮನೆಯವರು ಬಾ ಬಾ ಎನ್ನುತ್ತಿದ್ದರು, ಇತ್ತ ತವರಿನವರು ಬೇಡ ಬೇಡ ಎನ್ನುತ್ತಿದ್ದರು. ಇಬ್ಬರಿಗೂ ಬೇಕಾಗಿದ್ದದ್ದು ಪೂಮಲಂಡವನ್ನು ಸೋಲಿಸುವ ಆ ಎರಡು ಕಣ್ಣುಗಳ ಲೆಕ್ಕಾಚಾರ. ಆ ಕಣ್ಣುಗಳ ಹಿಂದೆ ಇದ್ದವಳನ್ನು ಕೇಳಿದವರು ಯಾರೂ ಇರಲಿಲ್ಲ. ಆಕೆಗೆ ನಿಜಕ್ಕೂ ದುಃಖವಾಗಿತ್ತು.

ಮೈದಾನದಲ್ಲಿ ಬಿಸಿಲೆಂದರೆ ಬಿಸಿಲು. ಪೂಮಲಂಡದ ತಂಡ ನೋಡಿದರೆ ಯಾರಿಗೂ ಭಯ ಹುಟ್ಟುವಂತಿರಲಿಲ್ಲ. ಹೊಟ್ಟೆ ಬಂದ ಇಬ್ಬರು ಚಿಕ್ಕಪ್ಪಂದಿರು, ಅವರ ಮಕ್ಕಳು, ಒಬ್ಬ ಸೊಸೆ, ಗೋಲಿನಲ್ಲಿ ಪೂವಯ್ಯನ ಮಗಳು ಬೋಜಮ್ಮ. ಕಾಲೇಜಿನ ಹುಡುಗಿ, ಕಡ್ಡಿಯಂಥ ಮೈ, ಬಾಯಿ ಮಾತ್ರ ಸೋದರತ್ತೆಯದ್ದೇ.

ಜೀಪಿನೊಳಗೆ ಚೋಂದಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿಸಿಕೊಂಡಳು. ಬಿದ್ದಪ್ಪ ಹೊಡೆದ, ಬೋಜಮ್ಮ ತಡೆದಳು. ಮತ್ತೆ ಹೊಡೆದ, ಕಂಬಕ್ಕೆ ತಾಗಿತು. “ಎಡಗಡೆ ಬಿಟ್ಟುಬಿಟ್ರಲ್ಲೋ, ಎಡಗಡೆ ನೋಡ್ಕೊಳ್ಳಿ!” ಎಂದು ಜೀಪಿನ ಸ್ಟೇರಿಂಗಿಗೆ ಬೈದಳು. ಸ್ಟೇರಿಂಗು ಪಾಪ ಕೇಳಿಸಿಕೊಂಡಿತು. ಅರ್ಧ ಆಟ ಮುಗಿದರೂ ಗೋಲಿಲ್ಲ. ಆಮೇಲೆಯೂ ಇಲ್ಲ.

ಆಗ ಆಕೆಯ ತಲೆಗೆ ಒಂದು ಮಾತು ಹೊಳೆಯಿತು. ಇವತ್ತು ಇವರು ಗೆದ್ದರೆ ನನ್ನ ಕಥೆ ಮುಗಿಯಿತು. ಕೊಡ್ಲೇಟಿರದಂಥವರನ್ನೇ ನಾನಿಲ್ಲದೆ ಸೋಲಿಸಿದ ಮೇಲೆ ಇನ್ನು ಸಾಯುವವರೆಗೂ ನನಗೆ ಈ ಜೀಪೇ ಗತಿ. ಯಾರೂ ಬಾ ಎನ್ನುವುದಿಲ್ಲ. ನಾನೇ ಬರಲಾರೆ. ಸೋತರೆ ಕಡೆಯಪಕ್ಷ ಜೀಪಿನಲ್ಲಿ ಕೂತರೂ ಸೋಲುತ್ತಾರೆಂದು ಆಗುತ್ತದೆ, ಬಾಗಿಲು ತೆರೆಯುತ್ತದೆ.

ಅಷ್ಟೆಲ್ಲ ಲೆಕ್ಕ ಹಾಕಿಯೂ ಆಕೆ ಕೈ ಮುಗಿದು, “ಇಗ್ಗುತಪ್ಪ, ನಮ್ಮವರು ಗೆಲ್ಲಲಿ” ಅಂದಳು. ಬೇರೆ ಏನನ್ನಾದರೂ ಬೇಡಲು ನಾಲಿಗೆಯೇ ಹೊರಳಲಿಲ್ಲ. ಬೇಡಿದ ಮೇಲೆ ಅತ್ತಳು.

ಸೀಟಿ ಮೊಳಗಿತು. ಸಮ ಸಮ. ಪೆನಾಲ್ಟಿ ಸ್ಟ್ರೋಕಿನಲ್ಲಿ ತೀರ್ಮಾನ, ಅದಕ್ಕೆ ಮುಂಚೆ ಸ್ವಲ್ಪ ವಿರಾಮ ಎಂದು ಧ್ವನಿವರ್ಧಕ ಹೇಳಿತು.

ಗ್ಯಾಲರಿಯ ಪಕ್ಕದಿಂದ ಯಾರೋ ಬರುವ ಸದ್ದಾಯಿತು. ನೋಡಿದರೆ ಬೋಜಮ್ಮ. ಪ್ಯಾಡ್ ಕಟ್ಟಿದ ಕಾಲುಗಳನ್ನು ಅಗಲಿಸಿಕೊಂಡು ಬಾತುಕೋಳಿಯ ಹಾಗೆ ಬರುತ್ತಿದ್ದಳು. ಹಿಂದೆ ಪೂವಯ್ಯ ಏದುಸಿರು ಬಿಡುತ್ತ ಓಡಿ ಬರುತ್ತಿದ್ದ.

“ಅತ್ತೆ, ಇಳೀರಿ.”

“ಎಂತ ಹುಚ್ಚು ನಿನಗೆ! ಹೋಗು, ಹೋಗಿ ಗೋಲು ಕಾಯಿ.”

“ನೀವು ಬಂದ್ರೆ ಕಾಯ್ತೀನಿ.”

“ಬೋಜಿ, ಬೇಡ ಮಗಳೇ,” ಪೂವಯ್ಯ ಗೋಗರೆದ. “ಇಷ್ಟು ದೂರ ಬಂದಾಗಿದೆ. ಗೆದ್ದ ಮೇಲೆ ನಾನೇ ಅವಳನ್ನ ಹೊತ್ಕೊಂಡು ಬರ್ತೀನಿ.”

“ಗೆದ್ದ ಮೇಲೆ ನೀವು ಅತ್ತೆನ ಈ ಊರಿಗೇ ಬಿಟ್ಕೊಳ್ಳಲ್ಲ ಅಪ್ಪ. ನನಗೆ ಗೊತ್ತಿಲ್ವಾ?” ಬೋಜಮ್ಮನ ದನಿ ಏರಿತು. “ನನಗೆ ಚೆಂಡು ತಡೆಯೋದು ಕಲಿಸಿದ್ದು ಯಾರು? ರಜೆಗೆ ಹೋದಾಗೆಲ್ಲ ಕಾಫಿ ಕಣದಲ್ಲಿ ನಿಲ್ಲಿಸಿ ಕಿತ್ತಳೆಕಾಯಿ ಎಸೆದು ಎಸೆದು ಮೈಯೆಲ್ಲ ನೀಲಿ ಮಾಡಿದ್ದು ಯಾರು? ಅವರು ಇಲ್ಲಿ ಕಳ್ಳರ ಹಾಗೆ ಅಡಗಿ ಕೂತ್ಕೊಂಡ್ರೆ ನನ್ನ ಕಾಲು ಏಳಲ್ಲ. ಸೋತರೆ ಸೋಲೋಣ. ಅತ್ತೆ ನೋಡ್ತಿರುವಾಗ್ಲೇ ಸೋಲೋಣ.”

ಚೋಂದಮ್ಮ ಅಣ್ಣನ ಮುಖ ನೋಡಿದಳು. ಅವನು ಬೇಡ ಎಂದಿದ್ದರೆ ಹೋಗುತ್ತಿರಲಿಲ್ಲ, ಅಷ್ಟು ಹೆದರಿಕೆ ಆಕೆಗೇ ಇತ್ತು. ಇಷ್ಟು ವರ್ಷ ಎಲ್ಲರೂ ಹೇಳಿ ಹೇಳಿ ಆಕೆಯೂ ಅರ್ಧ ನಂಬಿಬಿಟ್ಟಿದ್ದಳು. ಪೂವಯ್ಯ ಟೋಪಿ ತೆಗೆದ, ಬೆವರು ಒರೆಸಿದ, ಮತ್ತೆ ಹಾಕಿಕೊಂಡ. ಆಮೇಲೆ ಜೀಪಿನ ಬಾಗಿಲು ತೆರೆದು ಕೈ ಚಾಚಿದ.

ಆಕೆ ಮೈದಾನದ ಅಂಚಿಗೆ ಬಂದಾಗ ಪೂಮಲಂಡದ ಸಾಲಿನವರು ಸಾವಾದ ಮನೆಯವರ ಹಾಗೆ ತಲೆಯ ಮೇಲೆ ಕೈ ಹೊತ್ತರು. ಎದುರಿನ ಸಾಲಿನಲ್ಲಿ ಕೊಡ್ಲೇಟಿರದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. “ದೊಡ್ಡಮ್ಮ, ಕಣ್ಣು ಅಗಲ ಬಿಡಿ!” ಎಂದು ಬಿದ್ದಪ್ಪ ಕೂಗಿದ. ಚೋಂದಮ್ಮ ತವರಿನ ಸಾಲಿನಲ್ಲಿ ಕೂತು, ಯಾರೋ ತಂದುಕೊಟ್ಟ ಕಾಫಿಯನ್ನು ಅರ್ಧ ಕುಡಿದು ಲೋಟ ಕೈಯಲ್ಲೇ ಹಿಡಿದುಕೊಂಡಳು.

ಮೊದಲ ಹೊಡೆತವೇ ಬೋಜಮ್ಮನನ್ನು ದಾಟಿ ಬಲೆಗೆ ಬಿತ್ತು. ಪೂಮಲಂಡದವರೆಲ್ಲ ಒಟ್ಟಿಗೆ ಕತ್ತು ತಿರುಗಿಸಿ ಚೋಂದಮ್ಮನನ್ನು ನೋಡಿದರು. ಓಡಿಹೋಗಬೇಕೆನಿಸಿ ಆಕೆ ಅರ್ಧ ಎದ್ದಳು. ಆದರೆ ಬೋಜಮ್ಮ ಗೋಲಿನಿಂದ ಕೈಯೆತ್ತಿ, ಕೂತ್ಕೊಳ್ಳಿ ಎಂದು ಸನ್ನೆ ಮಾಡಿದಳು. ಆಕೆ ಕೂತಳು. ಪೂಮಲಂಡದ ದಪ್ಪ ಚಿಕ್ಕಪ್ಪ ಹೋಗಿ ಹೊಡೆದು ಸಮ ಮಾಡಿದ. ಹೀಗೆ ಅವರೊಂದು ಇವರೊಂದು ಹೊಡೆಯುತ್ತ, ತಪ್ಪಿಸುತ್ತ ಕೊನೆಗೆ ಪೂಮಲಂಡದವರು ಒಂದು ಗೋಲು ಮುಂದೆ ಬಂದರು. ಕೊಡ್ಲೇಟಿರದವರಿಗೆ ಉಳಿದದ್ದು ಒಂದೇ ಹೊಡೆತ, ಅದು ತಪ್ಪಿದರೆ ಆಟ ಮುಗಿಯಿತು. ಹೊಡೆಯಲು ಬಂದವನು ಬಿದ್ದಪ್ಪ.

ಪೂವಯ್ಯ ಟೋಪಿಯಿಂದ ಮುಖ ಮುಚ್ಚಿಕೊಂಡ. ಚೋಂದಮ್ಮ ಮುಚ್ಚಿಕೊಳ್ಳಲಿಲ್ಲ. ಇವತ್ತಿಗೆ ಸಾಕು ಮುಚ್ಚಿದ್ದು ಅಂದುಕೊಂಡು ಕಣ್ಣನ್ನು ಇಷ್ಟಗಲ ಬಿಟ್ಟು ನೋಡಿದಳು. ಬಿದ್ದಪ್ಪನ ಭುಜ ಕೊಂಚ ಬಲಕ್ಕೆ ವಾಲಿತು. “ಎಡಗಾಲು!” ಎಂದು ಆಕೆ ಒಳಗೇ ಅಂದುಕೊಳ್ಳುವಷ್ಟರಲ್ಲಿ ಬೋಜಮ್ಮನ ಎಡಗಾಲು ನೆಲಕ್ಕೆ ಉದ್ದಕ್ಕೆ ಬಿದ್ದಾಗಿತ್ತು. ಕಿತ್ತಳೆಕಾಯಿ ತಡೆಯುವಾಗ ಬೀಳುತ್ತಿದ್ದ ಹಾಗೆಯೇ. ಚೆಂಡು ಪ್ಯಾಡಿಗೆ ಬಡಿದು ಹೊರಗೆ ಉರುಳಿತು.

ಮೈದಾನವೆಲ್ಲ ಕಿರುಚಿತು. ಹುಟ್ಟಿದಾರಭ್ಯ ಬಾಯಿ ಮುಚ್ಚದ ಚೋಂದಮ್ಮನಿಗೆ ಮಾತ್ರ ದನಿಯೇ ಹೊರಡಲಿಲ್ಲ. ಎದುರಿನ ಸಾಲಿನಲ್ಲಿ ಗಂಡ ಮಂದಣ್ಣ ಸೋತ ತಂಡದ ನಡುವೆ ಎದ್ದು ನಿಂತು, ಯಾರು ಏನೆಂದುಕೊಂಡರೂ ಪರವಾಗಿಲ್ಲವೆಂದು ಹೆಂಡತಿಗೆ ಟೋಪಿ ಬೀಸುತ್ತಿದ್ದ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪೂಮಲಂಡದವರು ಅಷ್ಟು ಸುಲಭಕ್ಕೆ ಬುದ್ಧಿ ಕಲಿಯುವ ಜನವಲ್ಲ. ಮರುದಿನದ ಆಟಕ್ಕೆ ಹೊಸ ಕಾನೂನು ಬಂತು. ಚೋಂದಮ್ಮ ಅದೇ ಸೀರೆ ಉಡಬೇಕು, ಅದೇ ಜಾಗದಲ್ಲಿ ಕೂರಬೇಕು, ಕೈಯಲ್ಲಿ ಅರ್ಧ ಕುಡಿದ ಕಾಫಿಯೇ ಇರಬೇಕು. ನೊಣ ಬಂದರೂ ಓಡಿಸುವಂತಿಲ್ಲ. ಆಕೆ ನಗುತ್ತ ಒಪ್ಪಿದಳು. ಸೀರೆ, ಜಾಗ, ಕಾಫಿ ಎಲ್ಲ ಸರಿಯಾಗಿತ್ತು. ಪೂಮಲಂಡದವರು ನಾಲ್ಕು ಗೋಲಿನಿಂದ ಸೋತರು.

ಆಟ ಮುಗಿದಾಗ ಎಲ್ಲರ ಕತ್ತು ಮತ್ತೆ ಈ ಕಡೆ ತಿರುಗಿತು.

“ಎಂತ ನೋಡ್ತೀರಿ?” ಎಂದಳು ಚೋಂದಮ್ಮ. ಇಂದು ದನಿ ಚೆನ್ನಾಗಿಯೇ ಬಂತು. “ಗೋಲು ಬಿದ್ದದ್ದು ಅಲ್ಲಿ, ನನ್ನ ಮುಖದಲ್ಲಲ್ಲ. ಎಡಗಡೆ ಓಡಿ ಅಂತ ಬಡ್ಕೊಂಡೆ, ಒಬ್ಬನಾದ್ರೂ ಓಡಿದ್ನಾ? ಮುಂದಿನ ವರ್ಷ ಹೊಟ್ಟೆ ಇಳಿಸ್ಕೊಂಡು ಬನ್ನಿ.”

ಬೋಜಮ್ಮ ಮೊದಲು ನಕ್ಕಳು, ಆಮೇಲೆ ದಪ್ಪ ಚಿಕ್ಕಪ್ಪ. ಪೂವಯ್ಯ ಮಾತ್ರ ಟೋಪಿ ಸರಿಮಾಡಿಕೊಂಡು ಜೀಪಿನ ಕಡೆ ನಡೆದ. ಆಕೆ ಪಕ್ಕದಲ್ಲಿ ಕೂತ ಮೇಲೆ ಕೀಲಿ ತಿರುಗಿಸಿದ.

“ಚೋಂದಿ, ಮುಂದಿನ ವರ್ಷ ಬೇಗ ಬಾ,” ಅಂದ. “ತಡ ಮಾಡಿದ್ರೆ ಮುಂದಿನ ಸಾಲಲ್ಲಿ ಜಾಗ ಸಿಗಲ್ಲ.”