ತಿರುಮಲಮ್ಮೋರ ಪಾಪ್‌ಕಾರ್ನ್ ಉಂಡೆ

ನಮ್ ಮದ್ದೂರ್ ಕಡೆ ಕೊಪ್ಪದಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಈ ಹೊಂಬಾಳಮ್ಮನ ಪುರಿ ಉಂಡೆ ಅಂದ್ರೆ ಎಂಥದ್ದು ಅಂತ. ಗ್ವಾಡೆಗೆ ಎಸುದ್ರೆ ಗ್ವಾಡೆ ಸುಣ್ಣ ಉದುರಬೇಕೇ ಹೊರ್ತು ಉಂಡೆ ಒಡ್ಯಕ್ಕಿಲ್ಲ. ಪಾಕ ಅಂದ್ರೆ ಒಂದ್ ತೊಟ್ಟು ನೀರಿಗ್ ಬುಟ್ಟು, ಎತ್ತಿ ತಟ್ಟೆಗೆ ಹಾಕುದ್ರೆ ಟಣ್ ಅನ್ನಬೇಕು. ನಮ್ಮವ್ವ ಕಲಿಸಿದ್ದು ಅದು, ನನ್ ಕೈಗೆ ಬಂದಿರೋದೂ ಅದೇ. ಅಂಥಾ ನಾನು ಒಂದ್ ಉಂಡೆ ಮಾಡಕ್ಕೆ ಬರದೆ ಸೋತು, ಬಸ್ ಹತ್ಕಂಡು ಮಂಡ್ಯದ ಗಂಟ ಹೋದೆ ಅಂದ್ರೆ ನನ್ನ ಪಾಡು ಎಂಗಿತ್ತು ನೀವೇ ತಿಳ್ಕಳಿ.

ಸೋಲ್ಸಿದ್ದು ನನ್ ಸೊಸೆ ಮೇಧಾ. ಅವ್ಳು ಮಂಡ್ಯದ ಅಯ್ಯಂಗಾರ್ರ ಮನೆ ಉಡ್ಗಿ. ಅವ್ರಪ್ಪ ಕಸ್ತೂರಿರಂಗ ಅಂತ, ಮೇಷ್ಟ್ರಾಗಿ ರಿಟೇರ್ ಆದೋರು. ನನ್ ಮಗ ಗಗನ ಕಾಲೇಜಲ್ಲಿ ಅವ್ಳ ಜೊತೆ ಓದ್ದೋನು, ಈಗ ನಮ್ಮೂರ ಹಾಲಿನ ಡೈರೀಲಿ ಅವ್ನೆ. ಇಬ್ರೂ ರಿಜಿಸ್ಟ್ರಾಪೀಸಲ್ಲಿ ಮದ್ವೆಯಾಗಿ ಎರಡ್ ವರ್ಸ ಆಯ್ತು. ಅವತ್ತಿಂದ ಅವ್ರ ಮನೆ ಕಡೆಯಿಂದ ಒಂದ್ ಫೋನಿಲ್ಲ, ಒಂದ್ ಮಾತಿಲ್ಲ. "ಅವರ ಪಾಲಿಗೆ ನಾನಿಲ್ಲ ಅತ್ತೆ" ಅಂತ ಒಂದ್ಸಲ ಅಂದಿದ್ಲು, ಆಮೇಲೆ ಆ ಸುದ್ದಿ ಎತ್ತಲಿಲ್ಲ. ನಾನೂ ಕೆದಕ್ಲಿಲ್ಲ. ಅವ್ಳು ತಿನ್ನದ ಬಾಡು ಬೇಯಿಸೋ ದಿನ ಮಾತ್ರ ನಾನು ಹಿತ್ಲಲ್ಲಿ ಒಲೆ ಹೂಡ್ತೀನಿ. ಅದ ಬುಟ್ರೆ ನಮ್ಮಿಬ್ರಿಗೆ ಜಗಳ ಕಮ್ಮಿ. ಇಲ್ಲವೇ ಇಲ್ಲ ಅಂದ್ರೆ ಸುಳ್ಳಾಯ್ತದೆ.

ಈಗ ಅವ್ಳಿಗೆ ಏಳು ತಿಂಗ್ಳು. "ಏನ್ ತಿನ್ನಬೇಕು ಅನ್ನಿಸ್ತದೆ ಯೋಳವ್ವ" ಅಂದೆ. ಮಾವಿನಕಾಯೋ ಹುಣಿಸೆಹಣ್ಣೋ ಅಂತಾಳೆ ಅಂದ್ಕಂಡಿದ್ದೆ. ಅವ್ಳು "ಪಾಪ್‌ಕಾರ್ನ್ ಉಂಡೆ" ಅಂದ್ಲು. "ಅಮ್ಮ ಬೆಲ್ಲ ಹಾಕಿ ಮಾಡ್ತಿದ್ದಳು. ಮೆತ್ತಗಿರುತ್ತೆ ಅತ್ತೆ, ಕಚ್ಚಿದ್ರೆ ಎಳೆ ಬರುತ್ತೆ, ಹಲ್ಲಿಗೆ ಅಂಟ್ಕೊಳ್ಳುತ್ತೆ."

"ಇಷ್ಟೇನಾ" ಅಂದೆ. ಅದೇ ನಾನು ಮಾಡಿದ್ ತಪ್ಪು.

ದನಕ್ಕೆ ಅಂತ ಇಟ್ಟಿದ್ದ ಮುಸುಕಿನ ಜೋಳ ತಂದು ಬಾಂಡ್ಲೀಗೆ ಸುರುದೆ. ಒಂದ್ ಕಾಳಾದ್ರೂ ಅರಳಬೇಕಲ್ಲ, ಎಲ್ಲಾ ಸೀದು ಕರ್ರಗಾಗಿ ಮನೆ ತುಂಬ ಹೊಗೆ. "ಅದಕ್ಕೆ ಬೇರೆ ಜೋಳಾನೇ ಬರುತ್ತೆ ಅತ್ತೆ" ಅಂತ ಮೇಧಾ ಬಾಯಿಗೆ ಸೆರಗು ಅಡ್ಡ ಇಟ್ಕಂಡು ನಕ್ಕಳು. ಗಗನ ಮದ್ದೂರಿಂದ ಪಾಕೀಟು ತಂದ. ಅದು ಅರಳ್ತು, ಪಾತ್ರೆ ತುಂಬ ಮಲ್ಲಿಗೆ ಚೆಲ್ಲಿದಂಗೆ. ಬೆಲ್ಲ ಕರಗುಸ್ದೆ, ಪಾಕ ಟಣ್ ಅಂತು, ಹಾಕಿ ಕಲಸಿ ಉಂಡೆ ಕಟ್ದೆ. ಮೇಧಾ ಒಂದ್ ತಕ್ಕಂಡು ಕಚ್ಚಿದ್ಲು, ದವಡೆ ಹಿಡ್ಕಂಡ್ಲು. "ಚೆನ್ನಾಗಿದೆ ಅತ್ತೆ" ಅಂದ್ಲು. ಚೆನ್ನಾಗಿದ್ರೆ ತಿನ್ನಬೇಕಿತ್ತಲ್ಲ.

ಎರಡನೇ ಸಲ ಬೇಗ ಇಳಿಸ್ದೆ. ಉಂಡೆ ಬರೋದಿರ್ಲಿ, ಪಾಯಸ ಆಯ್ತು. ಗಗನ ಮೊಬೈಲಲ್ಲಿ ವಿಡಿಯೋ ತೋರುಸ್ದ, ಅದ್ರಲ್ಲಿ ಬಿಳಿ ದೊರೆಸಾನಿ ಅದೇನೋ ಹತ್ತಿ ಉಂಡೆಯಂಥಾ ಸಿಹಿ, ಮಾರ್ಷ್‌ಮೆಲೋ ಅಂತ, ಹಾಕ್ತಾಳೆ. "ಅದನ್ನ ಕೊಪ್ಪದಲ್ಲಿ ಯಾವ ಅಂಗಡೀಲಿ ತರ್ಲಲಾ" ಅಂದೆ. ಅವ್ನು ಮೊಬೈಲ್ ಜೇಬಿಗ್ ಹಾಕ್ಕಂಡು ಡೈರಿಗೆ ಹೋದ.

ಅವತ್ತು ಮಧ್ಯಾಹ್ನ ಹಿತ್ಲಿಗೆ ಬಟ್ಟೆ ಹರವಕ್ಕೆ ಹೋದೋಳು ನೋಡ್ತೀನಿ, ಮೇಧಾ ಕಲ್ಲಿನ ಮೇಲೆ ಕುಂತವ್ಳೆ. ನಾನು ಮಾಡಿದ್ದ ಆ ಗಟ್ಟಿ ಉಂಡೇನ ಮಗೀನಂಗೆ ಚೀಪ್ತಾವ್ಳೆ, ಕಣ್ಣಲ್ಲಿ ನೀರು ಸುರೀತಾ ಅದೆ. ನಮ್ ಕಡೆ ಏಳು ತಿಂಗಳಿಗೆ ತವರಿಂದ ಬಯಕೆ ತಿಂಡಿ ಬತ್ತದೆ, ಆಮೇಲೆ ಚೊಚ್ಚಲು ಬಾಣಂತನಕ್ಕೆ ಅಂತ ಕರ್ಕಂಡ್ ಓಯ್ತರೆ. ಈ ಉಡ್ಗಿಗೆ ಬರೋರೂ ಇಲ್ಲ, ಕರ್ಯೋರೂ ಇಲ್ಲ. ಇವ್ಳಿಗೆ ಬೇಕಾಗಿರೋದು ಉಂಡೆ ಅಲ್ಲ, ಇವ್ರವ್ವ ಅಂತ ಆಗ ನನ್ ಮಂಡೆಗೆ ಹೋಯ್ತು. ಹೆತ್ತೋಳ ಮುಖ ನೋಡ್ದಲೆ ಇವ್ಳು ಹೆರಿಗೆಗೆ ಹೋಗಬಾರ್ದು ಅಂತ ಗಟ್ಟಿ ಮಾಡ್ಕಂಡೆ.

ರವಿಕೆ ಹೊಲಿಯಕ್ಕೆ ಕೊಟ್ಬುಟ್ಟು ಬತ್ತೀನಿ ಅಂತ ಸುಳ್ಳು ಯೋಳಿ ಹೊಂಟೆ. ಗಗನನ ಕೈಲಿ ಹಿಂದ್ ಯಾವಾಗ್ಲೋ ವಿಳಾಸ ಕೇಳಿಟ್ಕಂಡಿದ್ದೆ. ಮಂಡ್ಯದಲ್ಲಿ ಗೇಟಿನ ಬೀಗ ತೆಗ್ದೋರು ಮೇಧಾಳ ಅವ್ವ ತಿರುಮಲಮ್ಮೋರೇ. ಮಗಳ ಮೂಗೇ ಅವ್ರದ್ದು, ಯಾರೂ ಯೋಳಬೇಕಾಗಿಲ್ಲ.

"ನಾನು ಕೊಪ್ಪದೋಳು, ಗಗನನ ತಾಯಿ" ಅಂದೆ. ನಡುಮನೇಲಿ ಮೇಷ್ಟ್ರು ಪೇಪರ್ ಓದ್ತಿದ್ರು. ನನ್ ಮಾತು ಕೇಳಿದ್ದೇ ತಡ, ಪೇಪರ್ ಮುಖಕ್ಕೆ ಅಡ್ಡ ಬಂತು.

ತಿರುಮಲಮ್ಮೋರ ಮುಖ ಬಿಳಚ್ಕಂತು. "ಏನಾದ್ರೂ... ಅವಳಿಗೆ..." ಅಂದ್ರು.

"ಏನೂ ಆಗಿಲ್ಲ, ಗುಂಡ್ಕಲ್ಲಿನಂಗವ್ಳೆ. ನೀವು ಮಾಡೋ ಪಾಪ್‌ಕಾರ್ನ್ ಉಂಡೆ ಬೇಕಂತೆ. ನನ್ ಕೈಲಿ ಆಯ್ತಾ ಇಲ್ಲ. ಪಾಕ ತೋರ್ಸಿಕೊಡಿ, ನೋಡ್ಕಂಡು ಓಯ್ತೀನಿ."

ಅವರು ಪೇಪರ್ ಕಡೆ ನೋಡುದ್ರು. ಪೇಪರ್ ಅಲ್ಲಾಡಲಿಲ್ಲ. ಅಡುಗೆಮನೆಗೆ ಹೋಗಿ ಗ್ಯಾಸ್ ಹಚ್ಚಿದ್ರು. ಒಳಕ್ಕೆ ಬನ್ನಿ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ನಾನು ಹೊಸ್ತಿಲ ಮೇಲೆ ಕಾಲಿಡ್ದಲೆ ಬಾಗಿಲಿಗೆ ಒರಗಿ ನಿಂತ್ಕಂಡೆ.

ಕೆಲಸದಲ್ಲಿ ಭಲೇ ಅಚ್ಚುಕಟ್ಟು ಆಯಮ್ಮ. ಅರಳು ಹುರಿದು, ಅರಳದೆ ಉಳಿದ ಕಾಳೆಲ್ಲ ಆರಿಸಿ ತೆಗುದ್ರು. ಬೆಲ್ಲ ಕರಗ್ಸಿ ಸೋಸಿದ್ರು, ಮೇಲೊಂದಿಷ್ಟು ಜೇನಂಗಿರೋ ಜೋನಿ ಬೆಲ್ಲ ಬುಟ್ರು, ಬೆಣ್ಣೆ ಹಾಕುದ್ರು. "ನೀರಿಗೆ ಬಿಟ್ಟಾಗ ಬೆರಳಲ್ಲಿ ಉರುಟು ಮಾಡೋಕೆ ಬರಬೇಕು, ಆದ್ರೆ ಒತ್ತಿದ್ರೆ ಬಗ್ಗಬೇಕು. ಅದಕ್ಕಿಂತ ಒಂದು ಚೂರು ಮುಂದೆ ಹೋದ್ರೂ ಕೆಟ್ಟಿತು" ಅಂದ್ರು. ಆಮೇಲೆ ಸೌಟು ಆಡಿಸ್ತಾ, ನನ್ ಕಡೆ ತಿರುಗ್ದಲೆ ಕೇಳುದ್ರು. "ಕಾಲು ಊದುತ್ತಾ ಅವಳಿಗೆ?"

"ಊದ್ತದೆ. ಸಾಯಂಕಾಲ ಆದ್ರೆ ಚಪ್ಲಿ ಹಿಡಿಯಕ್ಕಿಲ್ಲ."

"ಎಡಗಡೆ ಮಲಗ್ತಾಳಾ? ಚಿಕ್ಕೋಳಿದ್ದಾಗಿಂದ ಬೋರಲು ಮಲಗೋ ಅಭ್ಯಾಸ ಅವಳದ್ದು."

"ಅದೊಂದೇ ಜಗಳ ನಮ್ದು" ಅಂದೆ. "ಎಡಕ್ ಹೊರಳುದ್ರೆ ಹೊಟ್ಟೇಲಿ ಮಗ ಭಾಳ ಒದೀತದೆ ಅಂತಾಳೆ. ಒದ್ದಾಗೆಲ್ಲ ಅಮ್ಮ ಅಂತಾಳೆ ಕಣ್ರಮ್ಮ, ಅತ್ತೆ ಅನ್ನಕ್ಕಿಲ್ಲ."

ಸೌಟು ನಿಂತೋಯ್ತು. ಪಾಕದ ವಾಸನೆ ತಿರುಗ್ತು. ಗಟ್ಟಿ ಪಾಕದೋಳು ನಾನು, ನನ್ ಮೂಗಿಗೆ ಆಗಲೇ ಗೊತ್ತಾಯ್ತು ಅದು ಮುಂದಕ್ಕೆ ಹೋಯ್ತು ಅಂತ. ಬಾಯಿ ಬುಡ್ಲಿಲ್ಲ. ಎರಡ್ ವರ್ಸ ಆದ ಮೇಲೆ ಮೊದಲ್ನೇ ಸಲ ಮಗಳ ಸುದ್ದಿ ಕೇಳ್ತಾ ಅವ್ರೆ, ಬೆಲ್ಲ ಹಾಳಾಗಿ ಹೋಗ್ಲಿ ಅಂತ ಸುಮ್ಕಾದೆ.

ಉಂಡೆ ಕಟ್ಟುವಾಗ ಅವ್ರಿಗೇ ತಿಳೀತು. ಒಂದನ್ನ ಒತ್ತಿ ನೋಡಿ, ತಟ್ಟೆಗೆ ಹಾಕಿ, ಸೆರಗಲ್ಲಿ ಮುಖ ಒರಸ್ಕಂಡ್ರು. "ಯಾವತ್ತೂ ಹೀಗಾಗಿರಲಿಲ್ಲ" ಅಂದ್ರು. ಆದ್ರೂ ಡಬ್ಬಿಗೆ ತುಂಬಿ ನನ್ ಮುಂದೆ ಹಿಡುದ್ರು. "ಸ್ವಲ್ಪ ಗಟ್ಟಿ. ತಗೊಂಡು ಹೋಗಿ ಕೊಡಿ."

ಡಬ್ಬಿಗೆ ಕೈ ಚಾಚ್ದೋಳು ಹಿಂದಕ್ ಎಳ್ಕಂಡೆ. ಈಸ್ಕಂಡ್ರೆ ಇವ್ರ ಬಾಕಿ ತೀರೋಯ್ತು, ಇನ್ನ ಈ ಗೇಟ್ ದಾಟಕ್ಕಿಲ್ಲ ಅನ್ನಿಸ್ತು. "ನಾನು ಒಯ್ಯಕ್ಕಿಲ್ಲ" ಅಂದೆ. "ಬಯಕೆ ತಿಂಡಿ ತವರಿಂದ ಬರಬೇಕು. ಅತ್ತೆ ಹೊತ್ಕಂಡ್ ಹೋಗೋ ಪದ್ಧತಿ ನಮ್ಮಲ್ಲಿಲ್ಲ. ಕೊಡಂಗಿದ್ರೆ ನೀವೇ ತಂದ್ ಕೊಡಿ." ಮೇಷ್ಟ್ರಿಗೂ ಕೇಳ್ಲಿ ಅಂತಲೇ ಜೋರಾಗಿ ಅಂದಿದ್ದು. ಪೇಪರ್ ಇದ್ದಂಗೇ ಇತ್ತು. ಬರಿಗೈಲಿ ಈಚೆಗ್ ಬಂದೆ.

ಬಸ್ಸಲ್ಲಿ ಕುಂತ ಮೇಲೆ ಹೆದರಿಕೆ ಸುರುವಾಯ್ತು. ಮದ್ದೂರಲ್ಲಿ ಇಳಿಯೋ ಹೊತ್ತಿಗೆ ನನ್ ಬಾಯಿಗೆ ನಾನೇ ಬಯ್ಕಂಡಿದ್ದೆ. ಮನೇಲಿ ಮುಚ್ಚಿಡಕ್ಕೆ ಆಗಲಿಲ್ಲ, ಎಲ್ಲಾ ಯೋಳ್ಬುಟ್ಟೆ. "ನಿಂಗ್ಯಾಕವ್ವ ಬೇಕಿತ್ತು ಪದ್ಧತಿ ಗಿದ್ಧತಿ" ಅಂತ ಗಗನ ರೇಗ್ದ. "ನಮ್ ಮದ್ವೆ ಆಗುವಾಗ ನೀನ್ ಯಾವ ಪದ್ಧತಿ ನೋಡಿದ್ದೆ" ಅಂತ ಕೇಳ್ದ. ಮೇಧಾ ರೇಗಲಿಲ್ಲ. "ಗಟ್ಟಿ ಇದ್ರೇನು ಅತ್ತೆ, ಅಮ್ಮನ ಕೈಯಲ್ಲಿ ಮಾಡಿದ್ದು. ತರಬಹುದಿತ್ತಲ್ಲ" ಅಂದ್ಲು ಅಷ್ಟೆ. ಬಯ್ದಿದ್ರೆ ತಡ್ಕತಿದ್ದೆ.

ಆಮೇಲೆ ಅವ್ಳು ನನ್ ಜೊತೆ ಮಾತಾಡೋದು ಕಮ್ಮಿ ಮಾಡಿದ್ಲು. ಕೇಳಿದ್ದಕ್ಕೆ ಹೂಂ, ಊಹೂಂ. ಹಾಕಿದ್ ಅನ್ನದಲ್ಲಿ ಅರ್ಧ ತಟ್ಟೇಲೇ ಉಳ್ಸೋಳು. ಬೀದೀಲಿ ಗಾಡಿ ಸದ್ದಾದ್ರೆ ಬಾಗಿಲ ಕಡೆ ನೋಡೋಳು, ನಾನು ನೋಡ್ದೆ ಅಂತ ಗೊತ್ತಾದ್ರೆ ಒಳಕ್ ಹೋಗೋಳು. ನನ್ ಹಟಕ್ಕೆ ಆ ಉಡ್ಗಿ ಕೈಗೆ ಬಂದಿದ್ದನ್ನೂ ತಪ್ಪಿಸ್ಬುಟ್ಟೆನಲ್ಲ ಅಂತ ರಾತ್ರಿಯೆಲ್ಲ ಹೊರಳಾಡ್ತಿದ್ದೆ.

ಭಾನುವಾರ ಬೆಳಿಗ್ಗೆ ನಮ್ಮನೆ ಗೇಟ್ ಮುಂದೆ ಒಂದ್ ಸ್ಕೂಟರ್ ನಿಂತ್ಕಂತು. ಹಿಂದಿಂದ ತಿರುಮಲಮ್ಮೋರು ಇಳುದ್ರು, ಕೈಲಿ ದೊಡ್ ಚೀಲ. ಮೇಷ್ಟ್ರು ಇಳೀಲಿಲ್ಲ, ಹೆಲ್ಮೆಟ್ಟೂ ತೆಗೀಲಿಲ್ಲ, ರಸ್ತೆ ಕಡೆ ಮುಖ ಮಾಡ್ಕಂಡು ಕುಂತ್ರು.

"ಅವರು ಒಳಗೆ ಬರಲ್ಲ" ಅಂದ್ರು ತಿರುಮಲಮ್ಮೋರು. "ಅಲ್ಲಿಂದ ಮಾಡಿ ತಂದ್ರೆ ದಾರೀಲಿ ಬಿಗಿದುಹೋಗುತ್ತೆ. ಇಲ್ಲೇ ಮಾಡ್ತೀನಿ. ನಿಮ್ಮ ಒಲೆ ಯಾವ ಕಡೆ?" ಚೀಲದಲ್ಲಿ ಜೋಳ, ಬೆಲ್ಲ, ಬೆಣ್ಣೆ, ಪಾತ್ರೆ, ಸೌಟು ಎಲ್ಲಾ ಅವ್ರದ್ದೇ ಇತ್ತು. ಇರ್ಲಿ ಬುಡು, ಒಲೆಯಾದ್ರೂ ನಮ್ದೇ ಅಲ್ವಾ ಅಂದ್ಕಂಡೆ.

ಮೇಧಾ ನಡುಮನೆ ಕಂಬ ಹಿಡ್ಕಂಡು ನಿಂತಿದ್ಲು. ತಬ್ಬಿಕೊಳ್ಳದು ಅಳದು ಏನೂ ಆಗಲಿಲ್ಲ. ಅವ್ರವ್ವ ಅವ್ಳ ಕಾಲು ನೋಡಿ, "ಎಷ್ಟು ಊದಿದೆಯಲ್ಲೇ, ಕೂತ್ಕೋ" ಅಂದ್ರು. ಇವ್ಳು ಕೂತ್ಕಂಡ್ಲು. ಅಡುಗೆಮನೇಲಿ ತಾಯಿ ನಿಂತು, ಬಾಗಿಲಲ್ಲಿ ಮಗಳು ಕುಂತು, ಮೆತ್ತಗೆ ಏನೇನೋ ಮಾತಾಡ್ಕಂಡ್ರು. ನಂಗ್ಯಾಕೆ ಅಂತ ನಾನು ಜಗಲಿಗೆ ಬಂದು ಅವರೆಕಾಯಿ ಸುಲೀತಾ ಕುಂತೆ. ಕಣ್ಣು ಮಂಜಾಗಿ ಹುಳದ ಕಾಳೂ ಒಳ್ಳೇ ಕಾಳೂ ಒಂದೇ ಮೊರಕ್ಕೆ ಹಾಕ್ತಿದ್ದೆ.

ವಸಿ ಹೊತ್ತಿಗೆ ಮೇಧಾ ಬಾಯಲ್ಲಿ ಒಂದ್ ಉಂಡೆ ಜಗೀತಾ ಈಚೆಗ್ ಬಂದ್ಲು. ಕೈಲಿ ಇನ್ನೊಂದಿತ್ತು, ಇನ್ನೂ ಬಿಸಿ ಆರಿರ್ಲಿಲ್ಲ. ನಂಗೆ ಕೊಡ್ತಾಳೆ ಅಂದ್ಕಂಡೆ. ಕೊಡ್ಲಿಲ್ಲ. ಸೊಂಟಕ್ಕೆ ಒಂದ್ ಕೈ ಕೊಟ್ಕಂಡು ಗೇಟ್ ತಾವ್ಕೆ ನಡುದ್ಲು. ನಾನು ಮೊರ ಕೆಳಗಿಟ್ಟೆ. ಈ ಗಂಡಸು ಏನಾದ್ರೂ ಸ್ಕೂಟರ್ ಚಾಲೂ ಮಾಡ್ಕಂಡು ಹೊಂಟೋದ್ರೆ ಈ ಉಡ್ಗಿ ಗತಿ ಏನು ಅಂತ ಎದ್ದು ನಿಂತೆ.

ಅವ್ಳು ಉಂಡೆ ಹಿಡ್ದು ಕೈ ಚಾಚಿದ್ಲು. ಮೇಷ್ಟ್ರು ಮೊದ್ಲು ಕೈ ನೋಡುದ್ರು, ಆಮೇಲೆ ಹೊಟ್ಟೆ ನೋಡುದ್ರು. ಭಾಳ ಹೊತ್ತು ನೋಡುದ್ರು. ಹೆಲ್ಮೆಟ್ಟಿನ ಗಾಜು ಮೇಲಕ್ಕೆತ್ತಿ ಬಾಯಿ ತೆಗುದ್ರು. ಅವ್ಳೇ ಬಾಯಿಗೆ ಇಟ್ಲು.

ಅಂಟು ಉಂಡೆ ಅದು, ಬೇಗ ಮುಗಿಯೋದಲ್ಲ. ಅವರು ಅಗೀತಾನೇ ಇದ್ರು, ಇವ್ಳು ಬಿಸ್ಲಲ್ಲಿ ನಿಂತೇ ಇದ್ಲು. ಆಚೆಮನೆ ಯಶೋದಮ್ಮ ಕೊಡ ಇಳಿಸಿ ನೋಡಕ್ಕೆ ನಿಂತ್ಲು. ಕೊನೇಗೆ ಮೇಷ್ಟ್ರು ನುಂಗುದ್ರು.

"ಬಿಸಿಲಲ್ಲಿ ಯಾಕೆ ನಿಂತಿದ್ದೀಯ ಪುಟ್ಟಿ" ಅಂದ್ರು.

"ನೀವು ಹೊರಗೇ ಇದ್ದೀರಲ್ಲ ಅಪ್ಪ" ಅಂದ್ಲು ಮೇಧಾ.

ಮೇಷ್ಟ್ರು ಸ್ಕೂಟರ್ ಕೀಲಿ ತೆಗ್ದು ಜೇಬಿಗ್ ಹಾಕ್ಕಂಡು ಇಳುದ್ರು.