ಕುರಿದಾರಿಗೆ ಮದ್ರಾಸಿನ ತೀರ್ಪು

“ಆ ನಂಬರು ಬಜಾರಪ್ಪನ ಹೊಲದ್ದಲ್ಲರಿ ವಕೀಲಪ್ಪ! ಯಾರದೋ ಸರ್ವೆ ನಂಬರ್ ಹೇಳಿ ನಮ್ಮ ಕುರಿಗೆ ನೀರು ತಪ್ಪಿಸ್ತಾರ!”

ಆದೋನಿ ಮುನ್ಸಿಫ್ ಕೋರ್ಟಿನ ಬೇವಿನ ಮರದಡಿ ಹೊಳಗುಂದದ ಗಂಗಕ್ಕ ಹೀಗೆ ಕೂಗಿದಾಗ ಅವಳ ವಕೀಲ ಚಂದ್ರಣ್ಣನಿಗೆ ನಗು ಬರಲಿಲ್ಲ. ಅವನು ಮನೆಯಲ್ಲೇ ಓದಿ ಪ್ಲೀಡರ್ ಪರೀಕ್ಷೆ ಪಾಸಾದವನು. ತೀರ್ಪಿನ ಪುಸ್ತಕ ಮುಟ್ಟಿದವನೇ ಅಲ್ಲ. ತನ್ನ ಹೊಲದ ಮೇಲೆ ಹಳ್ಳಕ್ಕೆ ಹೋಗುವ ಗಂಗಕ್ಕನ ಕುರಿದಾರಿಗೆ ಬಜಾರಪ್ಪ ಮುಳ್ಳು ಹಚ್ಚಿದ್ದ. ಅವನ ವಕೀಲರಾದ ಮುದುಕ ಕೊಟ್ರಬಸಪ್ಪನವರು “ನಲವತ್ತೊಂದು ಮದ್ರಾಸ್ ಇನ್ನೂರ ಹನ್ನೆರಡು” ಎಂದಷ್ಟೇ ಹೇಳಿ ಕೂತುಬಿಟ್ಟಿದ್ದರು. ಊಟದ ಹೊತ್ತು ಕಳೆದ ಮೇಲೆ ಚಂದ್ರಣ್ಣ ಉತ್ತರ ಕೊಡಬೇಕು.

ಬೇರೆ ದಾರಿ ಕಾಣದೆ ಅವನು ಅವರ ಬಳಿಯೇ ಹೋದ.

“ಬಾರಪ್ಪಾ, ನಾಚಿಕಿ ಯಾಕ? ತೀರ್ಪು ಹೇಳಿದಾವ ಪುಸ್ತಕಾನೂ ಕೊಡಬೇಕು, ಅದು ನಮ್ಮ ಪದ್ಧತಿ. ಮೊದಲಿನ ನಂಬರು ಸಂಪುಟದ್ದು. ಮದ್ರಾಸ್ ಅಂದ್ರ ಅಲ್ಲಿಯ ಹೈಕೋರ್ಟು. ಕಡೀದು ಪುಟ. ತಗಿ.”

ಅಪ್ಪಣೆ ಪಡೆದು ನಡೆದ ದಾರಿ ಎಷ್ಟು ವರ್ಷವಾದರೂ ಹಕ್ಕಾಗದು ಎಂದು ಮೇಲೆ ಅಚ್ಚಾಗಿತ್ತು. ಚಂದ್ರಣ್ಣನ ಮುಖ ಬಾಡಿತು.

“ತಲಿಮಾತು ಓದೇ ಅತ್ರ ಹೆಂಗ? ಅದು ಅಚ್ಚು ಹಾಕಿಸಿದವರು ಬರದದ್ದು. ಜಡ್ಜಿ ಮಾತು ಕೆಳಗ ಐತಿ. ಅಲ್ಲಿ ಏನು ನಡದಿತ್ತು, ನೋಡು.”

“ನಿಮಗ ಅಡ್ಡಾಗೋದು ಸಿಕ್ಕರ?”

“ಸಿಕ್ಕರ ನಿನ್ನ ಪುಣ್ಯ. ನನಗ ರೊಟ್ಟಿ ತಿನ್ನಾಕ ಬಿಡು.”

ಪುಸ್ತಕದ ಆ ಮೊಕದ್ದಮೆಯಲ್ಲಿ ದಾರಿ ಕೇಳಿದವರು ಪ್ರತಿ ಯುಗಾದಿಗೆ ಎಲೆ ಅಡಿಕೆ ಹಿಡಿದು ಹೊಲದವರ ಅಪ್ಪಣೆ ಕೇಳುತ್ತಿದ್ದರು. ಗಂಗಕ್ಕನ ಮನೆಯವರು ಅಪ್ಪಂದಿರ ಕಾಲದಿಂದ ನಡೆದರೂ ಯಾರನ್ನೂ ಕೇಳಿದವರಲ್ಲ. ಗೊಬ್ಬರಕ್ಕೆಂದು ಕುರಿಗಳನ್ನು ಹೊಲದಲ್ಲಿ ತಂಗಿಸಿಕೊಂಡು, ತನ್ನಪ್ಪನೇ ಅವರಿಗೆ ಜೋಳ ಅಳೆದು ಕೊಡುತ್ತಿದ್ದನೆಂದು ಬಜಾರಪ್ಪನೇ ಸಾಕ್ಷಿಯಲ್ಲಿ ಒಪ್ಪಿದ್ದ.

ಕೋರ್ಟು ಮತ್ತೆ ಕೂತಾಗ ಚಂದ್ರಣ್ಣ ಅದನ್ನೇ ಹೇಳಿದ. ಮುನ್ಸಿಫರು ಪುಟ ತಿರುವಿ ಕೊಟ್ರಬಸಪ್ಪನವರತ್ತ ನೋಡಿದರು. ಅವರು ಎದ್ದು, “ಉತ್ತರ ಇಲ್ಲ ಸ್ವಾಮಿ” ಎಂದು ಕೂತರು. ಮುಳ್ಳು ತೆಗೆಯಬೇಕೆಂದು ತೀರ್ಪಾಯಿತು.

ಹೊರಗೆ ಗಂಗಕ್ಕ ನೇರ ಹೋಗಿ ಕೊಟ್ರಬಸಪ್ಪನವರ ಕಾಲು ಮುಟ್ಟಿದಳು.

“ಯವ್ವಾ, ನಾ ನಿನ್ನ ಎದುರು ವಕೀಲ!”

“ಗೊತ್ತೈತ್ರಿ. ಎದುರಿನವರಾಗಿ ಪುಸ್ತಕ ಕೊಟ್ರಲ್ಲ, ಅದಕ್ಕ. ನಮ್ಮ ವಕೀಲಪ್ಪ ಎಲ್ಲಾ ಹೇಳ್ಯಾರ.”

“ಮೆಲ್ಲಕ ಹೇಳವಾ, ಬಜಾರಪ್ಪ ಇಲ್ಲೇ ಅದಾನ!”

ಮುಳ್ಳು ತೆಗೆದ ದಿನ ಎಲ್ಲಕ್ಕಿಂತ ಮುಂದೆ ನಡೆಯುತ್ತಿದ್ದ ಟಗರು ಆ ಜಾಗದಲ್ಲಿ ನಿಂತು ನೆಲ ಮೂಸಿತು. ಆಮೇಲೆ ಹಳ್ಳದ ಕಡೆ ಇಳಿಯಿತು. ಹಿಂದೆಯೇ ಇಡೀ ಹಿಂಡು.